ವೀಲ್-ಆನ್ ಟ್ರೇನರೋ, ಡೈರೆಕ್ಟ್ ಡ್ರೈವೋ: ಮನೆಯೊಳಗೆ ಸೈಕಲ್ ತುಳಿಯುವವರಿಗೊಂದು ಸಮಗ್ರ ಮಾರ್ಗದರ್ಶಿ

ಮಳೆಗಾಲ ಶುರುವಾಯಿತೆಂದರೆ ನಮ್ಮ ಭಾನುವಾರದ ಸೈಕ್ಲಿಂಗ್ ಗುಂಪಿನಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ‘ಮನೇಲೇ ತುಳಿಯೋಕೆ ಟ್ರೇನರ್ ತಗೋಬೇಕು, ಯಾವುದು ತಗೊಳ್ಳಲಿ?’ ಟ್ರೇನರ್ ಅಂದರೆ ಸೈಕಲ್ಲನ್ನು ಒಂದೇ ಕಡೆ ನಿಲ್ಲಿಸಿ ತುಳಿಯಲು ಬಿಡುವ ಸ್ಟ್ಯಾಂಡ್. ನಾನು ಬಜೆಟ್ ಕೇಳುವುದಿಲ್ಲ, ಬ್ರ್ಯಾಂಡ್ ಹೇಳುವುದಿಲ್ಲ. ‘ಮೊದಲು ನಿಮ್ಮ ಸೈಕಲ್ಲಿನ ಹಿಂದಿನ ಚಕ್ರದ ಫೋಟೊ ಕಳಿಸಿ. ಆಮೇಲೆ ಕೆಳಗಿನ ಮನೆಯಲ್ಲಿ ಯಾರಿದ್ದಾರೆ ಹೇಳಿ’ ಅನ್ನುತ್ತೇನೆ. ಈ ಎರಡು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಮೂರು ವರ್ಷ, ಚಕ್ರ ಬಿಚ್ಚದೆ ಬಳಸುವ ವೀಲ್-ಆನ್ ತುಳಿದಿದ್ದೇನೆ. ಈಗ ಅದೇ ಮೂಲೆಯಲ್ಲಿ, ಹಿಂದಿನ ಚಕ್ರ ತೆಗೆದು ಕೂರಿಸುವ ಡೈರೆಕ್ಟ್ ಡ್ರೈವ್ ಇದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಾದಾ, ಅಗ್ಗದ ವೀಲ್-ಆನ್ ತಗೊಳ್ಳಿ. ಇಲ್ಲವೇ ಸ್ವಲ್ಪ ಕಾದು, ದುಡ್ಡು ಕೂಡಿಸಿ, ಸೀದಾ ಡೈರೆಕ್ಟ್ ಡ್ರೈವ್‌ಗೆ ಹೋಗಿ. ಇವೆರಡರ ನಡುವೆ ಇರುವ, ಆ್ಯಪ್ ಹೇಳಿದಂತೆ ತುಳಿತದ ಭಾರವನ್ನು ತಾನೇ ಬದಲಿಸುವ ದುಬಾರಿ ಸ್ಮಾರ್ಟ್ ವೀಲ್-ಆನ್ ಬಹಳ ಜನರಿಗೆ ಹೊಂದುವುದಿಲ್ಲ. ಯಾರಿಗೆ ಹೊಂದುತ್ತದೆ ಅನ್ನುವುದು ಮುಂದೆ ಬರುತ್ತದೆ.

ಎರಡೂ ಕೆಲಸ ಮಾಡುವ ರೀತಿ

ವೀಲ್-ಆನ್‌ನಲ್ಲಿ ಚಕ್ರ ಬಿಚ್ಚಬೇಕಾಗಿಲ್ಲ. ಹಿಂದಿನ ಆಕ್ಸಲ್ಲಿನ (ಚಕ್ರದ ಅಚ್ಚಿನ) ಎರಡೂ ತುದಿಗಳನ್ನು ಸ್ಟ್ಯಾಂಡ್ ಹಿಡಿದುಕೊಳ್ಳುತ್ತದೆ. ಒಂದು ಲೋಹದ ರೋಲರ್ ಟೈರಿಗೆ ಒತ್ತಿ ಕೂರುತ್ತದೆ. ನೀವು ತುಳಿದರೆ ಟೈರು ರೋಲರನ್ನು ತಿರುಗಿಸುತ್ತದೆ. ಅದನ್ನು ತಡೆದು ಭಾರ ಕೊಡುವುದು ಆಯಸ್ಕಾಂತ ಆಗಿರಬಹುದು, ಗಾಳಿ ಬೀಸುವ ರೆಕ್ಕೆ ಆಗಿರಬಹುದು, ಸಿಲಿಕೋನ್ ದ್ರವ ತುಂಬಿದ ಡಬ್ಬ ಆಗಿರಬಹುದು. ದ್ರವದ ಟ್ರೇನರಿನಲ್ಲಿ ವೇಗ ಹೆಚ್ಚಿದಂತೆ ಭಾರವೂ ತಾನಾಗಿ ಹೆಚ್ಚುತ್ತದೆ. ಸಾದಾ ಆಯಸ್ಕಾಂತದ್ದರಲ್ಲಿ ಹ್ಯಾಂಡಲ್‌ಗೆ ಕಟ್ಟಿದ ಒಂದು ಲಿವರ್‌ನಿಂದ ನೀವೇ ಬದಲಿಸಬೇಕು.

ಡೈರೆಕ್ಟ್ ಡ್ರೈವ್‌ನಲ್ಲಿ ಹಿಂದಿನ ಚಕ್ರವನ್ನೇ ತೆಗೆದು ಪಕ್ಕಕ್ಕಿಡುತ್ತೀರಿ. ಹಿಂದಿನ ಗೇರುಗಳ ಗುಚ್ಛ, ಅಂದರೆ ಕ್ಯಾಸೆಟ್, ಟ್ರೇನರಿನ ಮೇಲೆಯೇ ಇರುತ್ತದೆ. ಚೈನನ್ನು ಅದಕ್ಕೆ ಕೂರಿಸಿ, ಫ್ರೇಮನ್ನು ಟ್ರೇನರಿಗೆ ಬಿಗಿದರೆ ಆಯಿತು. ಹೆಚ್ಚಿನವುಗಳ ಒಳಗೆ ಬೆಲ್ಟು, ತಿರುಗುವ ವೇಗವನ್ನು ಹಿಡಿದಿಡುವ ಭಾರದ ಚಕ್ರವಾದ ಫ್ಲೈವೀಲ್, ವಿದ್ಯುತ್ ಆಯಸ್ಕಾಂತ ಇರುತ್ತವೆ. 2012ರಲ್ಲಿ ವಾಹೂ ಕಂಪನಿಯ ಕಿಕರ್ ಬಂದ ಮೇಲೆ ಈ ಬಗೆ ಜನಪ್ರಿಯವಾಯಿತು.

ನಿಜವಾದ ವ್ಯತ್ಯಾಸ ಇರುವುದು ಟೈರಿನಲ್ಲಿ. ವೀಲ್-ಆನ್‌ನಲ್ಲಿ ನಿಮ್ಮ ಕಾಲಿಗೂ ಭಾರಕ್ಕೂ ನಡುವೆ ಗಾಳಿ ತುಂಬಿದ ರಬ್ಬರ್ ಇದೆ. ಅದು ಬಿಸಿಯಾಗುತ್ತದೆ, ಸವೆಯುತ್ತದೆ, ಜಾರುತ್ತದೆ, ದಿನದಿಂದ ದಿನಕ್ಕೆ ಗಾಳಿ ಕಳೆದುಕೊಳ್ಳುತ್ತದೆ. ಸದ್ದು, ಲೆಕ್ಕದ ತಪ್ಪು, ನೆಲದ ಮೇಲಿನ ಕಪ್ಪು ಪುಡಿ ಎಲ್ಲದರ ಮೂಲ ಈ ರಬ್ಬರೇ.

ಹಂತ 1: ಹಿಂದಿನ ಚಕ್ರದ ಪಕ್ಕ ಕೂತು ನೋಡಿ

ಈ ಹಂತ ಬಿಟ್ಟು ಆರ್ಡರ್ ಮಾಡಿದವರು ಡಬ್ಬ ಬಿಚ್ಚಿದ ದಿನವೇ ತಲೆ ಮೇಲೆ ಕೈ ಹೊತ್ತು ಕೂತದ್ದನ್ನು ನೋಡಿದ್ದೇನೆ. ಮೂರು ವಿಷಯ ನೋಡಬೇಕು.

ಮೊದಲನೆಯದು ಆಕ್ಸಲ್. ಒಂದು ಬದಿಯಲ್ಲಿ ಮಡಚುವ ಲಿವರ್, ನಡುವೆ ತೆಳ್ಳನೆಯ ಕಡ್ಡಿ ಇದ್ದರೆ ಅದು ಕ್ವಿಕ್ ರಿಲೀಸ್. ಹಳೆಯ ರೋಡ್ ಬೈಕುಗಳಲ್ಲಿ ಹಿಂದಿನ ಅಗಲ 130 ಮಿ.ಮೀ., ಹೈಬ್ರಿಡ್ ಮತ್ತು ಎಂಟಿಬಿಗಳಲ್ಲಿ (ಗುಡ್ಡಗಾಡಿನ ಮೌಂಟನ್ ಬೈಕುಗಳಲ್ಲಿ) ಸಾಮಾನ್ಯವಾಗಿ 135 ಮಿ.ಮೀ. ಬೆರಳು ಗಾತ್ರದ ದಪ್ಪ ಕಡ್ಡಿ ಫ್ರೇಮಿಗೇ ತಿರುಪಿಕೊಂಡಿದ್ದರೆ ಅದು ಥ್ರೂ ಆಕ್ಸಲ್. ಡಿಸ್ಕ್ ಬ್ರೇಕಿನ ಹೊಸ ರೋಡ್ ಬೈಕುಗಳಲ್ಲಿ 12×142 ಮಿ.ಮೀ. ಇರುತ್ತದೆ. ಎರಡೂ ಬದಿ ಸ್ಪ್ಯಾನರ್ ಹಾಕುವ ನಟ್ ಇದ್ದರೆ ಅದು ಮೂರನೇ ಬಗೆ. ಅದಕ್ಕೆ ಬೇರೆ ಜೋಡಣೆ ಬೇಕಾಗುತ್ತದೆ.

ವೀಲ್-ಆನ್ ಡಬ್ಬದಲ್ಲಿ ಕ್ವಿಕ್ ರಿಲೀಸಿಗೆ ಬೇಕಾದ ಗಟ್ಟಿ ಸ್ಟೀಲ್ ಕಡ್ಡಿ ಸಾಮಾನ್ಯವಾಗಿ ಜೊತೆಗೇ ಬರುತ್ತದೆ. ಸೈಕಲ್ ಜೊತೆ ಬಂದ ಅಲ್ಯೂಮಿನಿಯಂ ಲಿವರನ್ನು ಹಾಗೇ ಬಿಟ್ಟು ಕಚ್ಚಿಸಬೇಡಿ. ಥ್ರೂ ಆಕ್ಸಲ್ ಇದ್ದರೆ ವೀಲ್-ಆನ್‌ಗೆ ನಿಮ್ಮ ಫ್ರೇಮಿನ ತಿರುಪಿನ ಅಳತೆಗೇ ಸರಿಹೋಗುವ ಬೇರೆ ಆಕ್ಸಲ್ ತರಿಸಬೇಕು. ಡೈರೆಕ್ಟ್ ಡ್ರೈವ್‌ಗೆ ಈ ತಲೆನೋವು ಕಡಿಮೆ. ಎರಡೂ ಬಗೆಯ ತುದಿಗಳು ಹೆಚ್ಚಾಗಿ ಡಬ್ಬದಲ್ಲೇ ಇರುತ್ತವೆ.

ಎರಡನೆಯದು ಗೇರು. ಹಿಂದೆ ಎಷ್ಟು ಹಲ್ಲುಚಕ್ರ ಇವೆ ಎಣಿಸಿ. ಏಳು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಂದು ಪರೀಕ್ಷೆ ಮಾಡಿ. ಸೈಕಲ್ ಎತ್ತಿ ಗೇರುಗಳನ್ನು ಹಿಂದಕ್ಕೆ ತಿರುಗಿಸಿ. ನಡುವಿನ, ಉಪಕರಣ ಕೂರುವ ಕಚ್ಚುಗಳೂ ಗೇರಿನ ಜೊತೆ ತಿರುಗಿದರೆ ಅದು ಕ್ಯಾಸೆಟ್. ಗೇರು ತಿರುಗಿ, ನಡುವಿನ ಭಾಗ ಸುಮ್ನೆ ನಿಂತಿದ್ದರೆ ಅದು ತಿರುಪಿನ ಫ್ರೀವೀಲ್. ನಮ್ಮಲ್ಲಿ ಕಡಿಮೆ ಬೆಲೆಯ ಗೇರ್ ಸೈಕಲ್ಲುಗಳಲ್ಲಿ ಇದು ಬಹಳ ಕಾಣುತ್ತದೆ. ಈ ಫ್ರೀವೀಲನ್ನು ಬಿಚ್ಚಿ ಡೈರೆಕ್ಟ್ ಡ್ರೈವ್‌ಗೆ ಹಾಕಲು ಬರುವುದಿಲ್ಲ. ಏಳು ಗೇರಿನ ಬೇರೆ ಕ್ಯಾಸೆಟ್ ಕೊಂಡು, ಹಿಂದೆ ಬಳೆಯಂಥ ಸ್ಪೇಸರ್ ಕೊಟ್ಟು ಕೂರಿಸಬೇಕು. ಇಂಥ ಸೈಕಲ್ ಇರುವವರಿಗೆ ನನ್ನ ಸಲಹೆ ವೀಲ್-ಆನ್.

ಹಿಂದೆ ಶಿಮಾನೋ ಕಂಪನಿಯ ಎಂಟರಿಂದ ಹನ್ನೊಂದು ಗೇರು ಇರುವ ಸೈಕಲ್ ಇದ್ದರೆ ನೆಮ್ಮದಿ. ಸಾಮಾನ್ಯ ಟ್ರೇನರಿಗೆ ಸಲೀಸಾಗಿ ಕೂರುತ್ತದೆ. ಶಿಮಾನೋದ 12 ಗೇರಿನ ರೋಡ್ ಕ್ಯಾಸೆಟ್ ಕೂಡ ಹಳೆಯ 11 ಗೇರಿನ ಹಬ್ಬಿಗೆ, ಅಂದರೆ ಕ್ಯಾಸೆಟ್ ಕೂರುವ ಭಾಗಕ್ಕೆ, ಹೊಂದುತ್ತದೆ. ಆದರೆ ಅದೇ ಕಂಪನಿಯ 12 ಗೇರಿನ ಎಂಟಿಬಿ ಕ್ಯಾಸೆಟ್‌ಗೆ ಮೈಕ್ರೋ ಸ್ಪ್ಲೈನ್, ಸ್ರ್ಯಾಮ್ ಕಂಪನಿಯ 12 ಗೇರಿನ ರೋಡ್ ಕ್ಯಾಸೆಟ್‌ಗೆ ಎಕ್ಸ್‌ಡಿಆರ್ ಅನ್ನುವ ಬೇರೆ ಹಬ್ ಬೇಕು. ಅದನ್ನು ಪ್ರತ್ಯೇಕ ಕೊಳ್ಳಬೇಕಾಗಬಹುದು. ಆರ್ಡರ್ ಮಾಡುವ ಮೊದಲೇ ಕೇಳಿಕೊಳ್ಳಿ.

ಮೂರನೆಯದು ಟೈರು. ಉಬ್ಬು ಗುಳಿಗಳ ಎಂಟಿಬಿ ಟೈರು ವೀಲ್-ಆನ್ ರೋಲರಿನ ಮೇಲೆ ಕಡಕಡ ಅನ್ನುತ್ತದೆ, ಬೇಗ ಹಾಳಾಗುತ್ತದೆ. ನುಣುಪಾದ ಟೈರು ಹಾಕಲೇಬೇಕು.

ಫ್ರೇಮ್ ಕಾರ್ಬನ್ ಆಗಿದ್ದರೆ ಸೈಕಲ್ಲಿನ ಕೈಪಿಡಿ ತೆಗೆದು ಓದಿ. ಟ್ರೇನರಿಗೆ ಹಾಕಿದರೆ ವಾರಂಟಿ ಇಲ್ಲ ಅನ್ನುವ ಕಂಪನಿಗಳೂ ಇವೆ.

ಹಂತ 2: ಕೆಳಗಿನ ಮನೆಯವರ ಕಿವಿಯಿಂದ ಕೇಳಿ

ವೀಲ್-ಆನ್ ತಂದ ಎರಡನೇ ವಾರ ಲಿಫ್ಟಿನಲ್ಲಿ ಕೆಳಗಿನ ಮನೆಯ ಆಂಟಿ ಸಿಕ್ಕರು. ‘ಏನಪ್ಪಾ, ನಿಮ್ಮನೇಲಿ ಐದೂವರೆಗೇ ಮಿಕ್ಸಿ ಹಾಕ್ತೀರಲ್ಲ, ಅಷ್ಟು ಬೇಗ ತಿಂಡಿ ಮಾಡ್ತೀರಾ?’ ಅಂದರು. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಮಾರನೇ ದಿನ ತಮ್ಮನನ್ನು ಸೈಕಲ್ ಮೇಲೆ ಕೂರಿಸಿ, ಅವರ ಅಪ್ಪಣೆ ಪಡೆದು ಅವರ ಹಾಲಿನಲ್ಲಿ ಹೋಗಿ ನಿಂತೆ. ಮೇಲಿನಿಂದ ಗುಂಯ್ ಅನ್ನುವ ಒಂದೇ ಸಮನೆಯ ಸದ್ದು. ಷೋಕೇಸಿನ ಗಾಜಿನ ಬಾಗಿಲು ಸಣ್ಣಗೆ ನಡುಗುತ್ತಿತ್ತು. ತಮ್ಮ ಗೇರು ಏರಿಸಿದಾಗೆಲ್ಲ ಆ ಸದ್ದು ಇನ್ನಷ್ಟು ಕೀಚಲಾಗುತ್ತಿತ್ತು.

ಅವತ್ತು ನನಗೆ ತಿಳಿದದ್ದು, ಸದ್ದು ಬೇರೆ, ನಡುಕ ಬೇರೆ. ಸದ್ದು ಗಾಳಿಯಲ್ಲಿ ಹೋಗುತ್ತದೆ, ಬಾಗಿಲು ಹಾಕಿದರೆ ತಗ್ಗುತ್ತದೆ. ನಡುಕ ಟ್ರೇನರಿನ ಕಾಲುಗಳ ಮೂಲಕ ಸೀದಾ ಸ್ಲ್ಯಾಬಿಗೆ ಇಳಿದು ಕೆಳಗಿನ ಮನೆಯ ಸೀಲಿಂಗಿನಲ್ಲಿ ಕೇಳುತ್ತದೆ. ಬಾಗಿಲು ಹಾಕಿ ಪ್ರಯೋಜನವಿಲ್ಲ.

ಡೈರೆಕ್ಟ್ ಡ್ರೈವ್‌ನಲ್ಲಿ ಟೈರಿನ ಸದ್ದು ಪೂರ್ತಿ ಹೋಗುತ್ತದೆ. ಉಳಿಯುವುದು ಚೈನಿನ ಸರಸರ ಮತ್ತು ನಿಮ್ಮ ಫ್ಯಾನು. ಅದೇ ರೂಮಿನಲ್ಲಿ ಮಾತಾಡಬಹುದು. ನಡುಕವೂ ಬಹಳ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಎದ್ದು ನಿಂತು ತುಳಿದರೆ ಕೆಳಗೆ ಗೊತ್ತಾಗುತ್ತದೆ. ಯಾವ ಬಗೆಯೇ ಆಗಲಿ, ದಪ್ಪ ರಬ್ಬರ್ ಮ್ಯಾಟ್ ಹಾಕಿ. ಅದರ ಮೇಲೊಂದು ಪ್ಲೈವುಡ್ ಹಲಗೆ, ಹಲಗೆಯ ಮೇಲೆ ಇನ್ನೊಂದು ಮ್ಯಾಟ್ ಹಾಕಿದರೆ ಇನ್ನೂ ಒಳ್ಳೆಯದು.

ನೆಲಮಹಡಿ, ಸ್ವಂತ ಮನೆ, ತಾರಸಿಯ ಮೇಲೊಂದು ರೂಮು ಇದ್ದರೆ ಈ ಹಂತವನ್ನು ದಾಟಿ ಮುಂದೆ ಹೋಗಿ. ಅಪಾರ್ಟ್‌ಮೆಂಟಿನಲ್ಲಿದ್ದು ಬೆಳಗ್ಗೆ ಆರಕ್ಕೆ ಮೊದಲು ಅಥವಾ ರಾತ್ರಿ ಒಂಬತ್ತರ ನಂತರವೇ ನಿಮಗೆ ಸಮಯ ಸಿಗುವುದಾದರೆ ಡೈರೆಕ್ಟ್ ಡ್ರೈವ್ ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ.

ಹಂತ 3: ಎಷ್ಟು ದಿನ ತುಳಿಯುತ್ತೀರಿ?

ಒಂದು ಹಾಳೆ ತೆಗೆದುಕೊಂಡು ಹೋದ ವರ್ಷ ಮಳೆ, ಕೆಲಸ, ಟ್ರಾಫಿಕ್ಕಿನಿಂದ ತಪ್ಪಿಹೋದ ರೈಡುಗಳನ್ನು ಲೆಕ್ಕ ಹಾಕಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಂದೆರಡು ದಿನ ಮಾತ್ರ ಅಂದರೆ ಸಾದಾ ವೀಲ್-ಆನ್ ಧಾರಾಳ ಸಾಕು. ವರ್ಷವಿಡೀ ವಾರಕ್ಕೆ ಮೂರು ದಿನ, ತಿಂಗಳುಗಟ್ಟಲೆ ಅಂದರೆ ಡೈರೆಕ್ಟ್ ಡ್ರೈವ್. ಚಳಿಗಾಲದಲ್ಲಿ ನಾಲ್ಕೈದು ತಿಂಗಳು ಹಿಮ ಬೀಳುವ ಊರುಗಳಲ್ಲಿರುವ ನಮ್ಮವರಿಗೂ ಇದೇ ಮಾತು.

ಇನ್ನೊಂದು ವಿಷಯ. ಒಂದೇ ಸೈಕಲ್ ಇದ್ದು, ವಾರದ ದಿನ ಒಳಗೆ, ಶನಿವಾರ ಹೊರಗೆ ಅಂತಾದರೆ ಬದಲಿಸುವ ಕೆಲಸ ಯೋಚಿಸಿ. ವೀಲ್-ಆನ್ ಸುಲಭ ಅನ್ನುತ್ತಾರೆ, ಪೂರ್ತಿ ಸರಿಯಲ್ಲ. ಟ್ರೇನರಿಗೆಂದೇ ಗಟ್ಟಿ ರಬ್ಬರಿನ ಟೈರು ಬರುತ್ತದೆ. ಅದು ಬಿಸಿಗೆ ಬೇಗ ಸವೆಯುವುದಿಲ್ಲ. ಆದರೆ ಅದನ್ನು ಹಾಕಿಕೊಂಡು ರಸ್ತೆಗೆ ಇಳಿಯಬಾರದು, ಹಿಡಿತ ಸಾಲದು, ಒದ್ದೆ ರಸ್ತೆಯಲ್ಲಂತೂ ಜಾರುತ್ತದೆ. ಹಾಗಾಗಿ ವಾರಕ್ಕೊಮ್ಮೆ ಟೈರು ಬದಲಿಸಬೇಕು, ಇಲ್ಲವೇ ಹಳೆಯ ಚಕ್ರವೊಂದಕ್ಕೆ ಅದನ್ನು ಹಾಕಿಟ್ಟುಕೊಳ್ಳಬೇಕು. ಡೈರೆಕ್ಟ್ ಡ್ರೈವ್‌ನಲ್ಲಿ ಚಕ್ರ ತೆಗೆದು ಹಾಕಲು ಕೈ ಪಳಗಿದರೆ ಎರಡು ನಿಮಿಷ. ಟೈರು ಸವೆಯುವ ಮಾತೇ ಇಲ್ಲ.

ಹಂತ 4: ವ್ಯಾಟ್ ಲೆಕ್ಕ ನಿಮಗೆ ಎಷ್ಟು ಮುಖ್ಯ?

ವ್ಯಾಟ್ ಅಂದರೆ ನೀವು ತುಳಿಯುವ ಶಕ್ತಿಯ ಅಳತೆ. ಬೆವರು ಹರಿಸಿ, ಕಾಲಿಗೆ ಕೆಲಸ ಕೊಟ್ಟರೆ ಸಾಕು ಅನ್ನುವವರಿಗೆ ವ್ಯಾಟ್ ಬೇಡವೇ ಬೇಡ. ಹೃದಯದ ಬಡಿತ ನೋಡುವ ಪಟ್ಟಿ ಎದೆಗೆ ಕಟ್ಟಿಕೊಂಡು ತುಳಿಯಿರಿ.

ರೇಸಿಗೆ ತಯಾರಿ, ಬ್ರೆವೆಗಳಿಗೆ (ಗೊತ್ತಾದ ಸಮಯದೊಳಗೆ ಮುಗಿಸುವ ದೂರದ ಸವಾರಿಗಳಿಗೆ) ತಯಾರಿ, ಇಂಟರ್ವಲ್ (ಜೋರು, ನಿಧಾನ ಸರದಿಯ ತಾಲೀಮು) ಅಂತೆಲ್ಲ ಇದ್ದರೆ ವ್ಯಾಟ್ ಬೇಕು. ಇಲ್ಲಿ ಕಂಪನಿಗಳು ಹೇಳುವ ತಪ್ಪಿನ ಅಂತರ ನೋಡಿ. ವಾಹೂನ ವೀಲ್-ಆನ್ ಕಿಕರ್ ಸ್ನ್ಯಾಪ್‌ನಲ್ಲಿ ಅದು ಹೆಚ್ಚುಕಡಿಮೆ 3%. ಅದೇ ಕಂಪನಿಯ ಡೈರೆಕ್ಟ್ ಡ್ರೈವ್ ಕಿಕರ್ ಕೋರ್‌ನಲ್ಲಿ 2%, ದುಬಾರಿ ಕಿಕರ್‌ನ ಹೊಸ ಆವೃತ್ತಿಗಳಲ್ಲಿ 1%. ಕೆಲವು ವೀಲ್-ಆನ್‌ಗಳಲ್ಲಿ 5% ಇರುತ್ತದೆ. ನೀವು 200 ವ್ಯಾಟ್ ತುಳಿಯುತ್ತಿದ್ದರೆ 5% ಅಂದರೆ 190ರಿಂದ 210. ಮೂರು ತಿಂಗಳು ಕಷ್ಟಪಟ್ಟು 8 ವ್ಯಾಟ್ ಗಳಿಸಿದರೆ ಅದು ಈ ಅಂತರದಲ್ಲೇ ಮುಳುಗಿಹೋಗುತ್ತದೆ. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಅಥವಾ ಪೆಡಲ್‌ನಲ್ಲಿ ವ್ಯಾಟ್ ಅಳೆಯುವ ಪವರ್ ಮೀಟರ್ ಮೊದಲೇ ಇದ್ದರೆ ಈ ಚಿಂತೆ ಬೇಡ. ಸಾದಾ ವೀಲ್-ಆನ್ ಜೊತೆಗೂ ಅದೇ ಲೆಕ್ಕ ಬಳಸಬಹುದು.

ಏರು ತೋರಿಸುವ ಶಕ್ತಿಯೂ ಬೇರೆ ಬೇರೆ. ಸ್ನ್ಯಾಪ್ 12% ಏರಿನವರೆಗೆ ಭಾರ ಕೊಡುತ್ತದೆ, ಕೋರ್ 16%ವರೆಗೆ. ನಂದಿ ಬೆಟ್ಟದ ಕೊನೆಯ ತಿರುವುಗಳಂಥ ಏರನ್ನು ವೀಲ್-ಆನ್‌ನಲ್ಲಿ ಅಭ್ಯಾಸ ಮಾಡಲು ಹೋದರೆ ನಿಧಾನ ವೇಗ, ಜಾಸ್ತಿ ಭಾರ ಸೇರಿ ರೋಲರ್ ಮೇಲೆ ಟೈರು ಜಾರುತ್ತದೆ. ಕಾಲು ಒಮ್ಮೆಲೇ ಖಾಲಿ ಹೋದಂತಾಗುತ್ತದೆ.

ಕಾಲಿಗೆ ಸಿಗುವ ಅನುಭವಕ್ಕೂ ಒಂದು ಲೆಕ್ಕ ಇದೆ. ಸೈಕಲ್ ಸೇರಿ 80 ಕೆಜಿ ತೂಕದವರು 30 ಕಿ.ಮೀ. ವೇಗದಲ್ಲಿ ಹೋಗುವಾಗ ಅವರ ಚಲನೆಯಲ್ಲಿ ಸುಮಾರು 2,800 ಜೂಲ್ ಶಕ್ತಿ ಇರುತ್ತದೆ. ಒಂದು ಪೆಡಲ್ ತೀರ ಮೇಲೆ, ಇನ್ನೊಂದು ತೀರ ಕೆಳಗೆ ಇದ್ದು ಕಾಲಿನ ಬಲ ಸಿಗದ ಆ ಸತ್ತ ಗಳಿಗೆಯಲ್ಲಿ ನಿಮ್ಮನ್ನು ಮುಂದೆ ಒಯ್ಯುವುದು ಇದೇ. ಟ್ರೇನರಿನಲ್ಲಿ ಆ ಕೆಲಸ ಫ್ಲೈವೀಲಿನದು. ಅಗ್ಗದ ವೀಲ್-ಆನ್‌ನ ಪುಟ್ಟ ಫ್ಲೈವೀಲ್ ಅಷ್ಟು ಶಕ್ತಿ ಹಿಡಿದಿಡಲಾರದು. ಹಾಗಾಗಿ ಕೆಸರಿನಲ್ಲಿ ತುಳಿದ ಹಾಗೆ ತಡೆ ತಡೆದು ಹೋಗುತ್ತದೆ. ಕೋರ್‌ನಲ್ಲಿ 5.4 ಕೆಜಿ, ಕಿಕರ್‌ನಲ್ಲಿ 7 ಕೆಜಿಗೂ ಜಾಸ್ತಿ ತೂಕದ ಫ್ಲೈವೀಲ್ ಇದೆ. ಒಂದು ಗಂಟೆ ಮೀರಿ ತುಳಿಯುವವರಿಗೆ ಈ ವ್ಯತ್ಯಾಸ ಮಂಡಿಯಲ್ಲೇ ತಿಳಿಯುತ್ತದೆ.

ಹಂತ 5: ದುಡ್ಡಿನ ಪೂರ್ತಿ ಲೆಕ್ಕ

ಡಬ್ಬದ ಮೇಲಿನ ಬೆಲೆ ನೋಡಿ ಹೋಲಿಸಬೇಡಿ. ವೀಲ್-ಆನ್‌ಗೆ ಟ್ರೇನರ್ ಟೈರು, ಮುಂದಿನ ಚಕ್ರಕ್ಕೆ ಎತ್ತರ ಕೊಡುವ ಬ್ಲಾಕ್, ಬೇಕಾದರೆ ಆಕ್ಸಲ್ ಸೇರಿಸಿ. ಡೈರೆಕ್ಟ್ ಡ್ರೈವ್‌ಗೆ ಕ್ಯಾಸೆಟ್ ಮತ್ತು ಅದನ್ನು ಬಿಗಿಯುವ ಉಪಕರಣ ಸೇರಿಸಿ. ಕೆಲವದರಲ್ಲಿ ಕ್ಯಾಸೆಟ್ ಬರುತ್ತದೆ, ಕೆಲವದರಲ್ಲಿ ಇಲ್ಲ. ಎರಡಕ್ಕೂ ಮ್ಯಾಟು, ಫ್ಯಾನು. ಆಮೇಲೆ, ಪರದೆಯ ಮೇಲೆ ರಸ್ತೆ ತೋರಿಸಿ ಟ್ರೇನರಿನ ಜೊತೆ ನಡೆಯುವ ಆ್ಯಪ್. ಜ್ವಿಫ್ಟ್‌ಗೆ ತಿಂಗಳು ತಿಂಗಳು ಚಂದಾ ಕಟ್ಟಬೇಕು. ಮೈವೂಶ್ ಉಚಿತ, 2024ರ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದೂ ಅದರಲ್ಲೇ. ಮೊದಲು ಉಚಿತದ್ದನ್ನು ನೋಡಿ.

ಹೀಗೆ ಕೂಡಿಸಿದಾಗ ಸ್ಮಾರ್ಟ್ ವೀಲ್-ಆನ್‌ನ ಬೆಲೆ ಆರಂಭಿಕ ಡೈರೆಕ್ಟ್ ಡ್ರೈವ್‌ನ ಹತ್ತಿರ ಹೋಗಿಬಿಡುತ್ತದೆ. ಅಷ್ಟು ಕೊಟ್ಟೂ ಟೈರಿನ ಸದ್ದು, ಟೈರಿನ ಜಾರಾಟ ಉಳಿಯುತ್ತವೆ. ಅದಕ್ಕೇ ಮಧ್ಯದ್ದು ಬೇಡ ಅಂದದ್ದು. ಮನೆಯಲ್ಲಿ ಬೇರೆ ಬೇರೆ ಗೇರಿನ ಎರಡು ಮೂರು ಸೈಕಲ್ ಇದ್ದು ಎಲ್ಲರೂ ಒಂದೇ ಟ್ರೇನರ್ ಬಳಸುವುದಾದರೆ, ಅಥವಾ ತಿರುಪಿನ ಫ್ರೀವೀಲ್ ಇದ್ದೂ ಆ್ಯಪ್‌ನಲ್ಲಿ ತುಳಿಯುವ ಆಸೆ ಇದ್ದರೆ, ಸ್ಮಾರ್ಟ್ ವೀಲ್-ಆನ್ ಸರಿಯೇ. ಈಗ ಕೆಲವು ಡೈರೆಕ್ಟ್ ಡ್ರೈವ್‌ಗಳು ಜ್ವಿಫ್ಟ್ ಕಾಗ್ ಅನ್ನುವ ಒಂದೇ ಹಲ್ಲುಚಕ್ರದೊಂದಿಗೆ ಬರುತ್ತವೆ. ಗೇರು ಬದಲಿಸುವುದು ಬಟನ್ನಿನಿಂದ. 8ರಿಂದ 12 ಗೇರಿನ ಸೈಕಲ್ಲುಗಳಿಗೆಲ್ಲ ಹೊಂದುತ್ತದೆ, ಗಂಡ ಹೆಂಡತಿ ಒಂದೇ ಟ್ರೇನರ್ ಹಂಚಿಕೊಳ್ಳುವವರಿಗೆ ಅನುಕೂಲ.

ಅಮೆರಿಕದಿಂದ ಅಣ್ಣನೋ ಅಕ್ಕನೋ ತರುತ್ತಾರೆ ಅಂದರೆ ಮೂರು ವಿಷಯ ಕೇಳಿ. ಅಡಾಪ್ಟರಿನ ಮೇಲೆ 100–240 ವೋಲ್ಟ್ ಅಂತ ಬರೆದಿದೆಯಾ? ಡಬ್ಬದ ತೂಕ 23 ಕೆಜಿ ಒಳಗೆ ಇದೆಯಾ? ಇಲ್ಲಿ ಕೆಟ್ಟರೆ ವಾರಂಟಿ ನಡೆಯುತ್ತದಾ?

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹತ್ತು ನಿಮಿಷ ತುಳಿದು ನೋಡಿ. ದ್ರವದ ಟ್ರೇನರ್ ಕೆಳಗೆ ಎಣ್ಣೆ ಕಲೆ ಇದ್ದರೆ ಬಿಟ್ಟುಬಿಡಿ. ಡೈರೆಕ್ಟ್ ಡ್ರೈವ್‌ನಲ್ಲಿ ಒಳಗಿಂದ ಟಕಟಕ ಸದ್ದು ಬಂದರೂ ಅಷ್ಟೇ.

ಹಂತ 6: ಕೂರಿಸುವುದು

ವೀಲ್-ಆನ್: ಸ್ಟೀಲ್ ಕಡ್ಡಿ ಹಾಕಿ, ಟೈರಿಗೆ ಕೈಪಿಡಿ ಹೇಳಿದಷ್ಟು ಗಾಳಿ ತುಂಬಿ. ಪ್ರತಿ ಸಲವೂ ಅಷ್ಟೇ ತುಂಬಿ, ಪಂಪಿನ ಮೀಟರ್ ನೋಡಿ. ಆಕ್ಸಲ್ ತುದಿಗಳು ಎರಡೂ ಬದಿ ಸರಿಯಾಗಿ ಕೂತಿವೆಯಾ ನೋಡಿ ಬಿಗಿದು, ಸೈಕಲ್ಲನ್ನು ಅಲ್ಲಾಡಿಸಿ. ರೋಲರ್ ಟೈರಿಗೆ ತಾಗಿದ ಮೇಲೆ ತಿರುಪನ್ನು ಎರಡರಿಂದ ಎರಡೂವರೆ ಸುತ್ತು ಬಿಗಿಯಿರಿ. ಚಕ್ರವನ್ನು ಕೈಯಿಂದ ಜೋರಾಗಿ ಎಳೆದಾಗ ಟೈರು ರೋಲರ್ ಮೇಲೆ ಜಾರಬಾರದು. ಜಾರಿದರೆ ಇನ್ನೊಂದು ಕಾಲು ಸುತ್ತು. ಅತಿಯಾಗಿ ಒತ್ತಿದರೆ ಟೈರು ಸುಡುವಷ್ಟು ಬಿಸಿಯಾಗಿ ಪುಡಿ ಉದುರುತ್ತದೆ.

ಡೈರೆಕ್ಟ್ ಡ್ರೈವ್: ಕ್ಯಾಸೆಟ್ ಒಳಗಿನ ಕಚ್ಚುಗಳಲ್ಲಿ ಒಂದರ ಅಗಲ ಬೇರೆ ಇರುತ್ತದೆ, ಅದನ್ನು ಹಬ್ಬಿನ ಅದೇ ಅಗಲದ ಗೆರೆಗೆ ಹೊಂದಿಸಿ. ದೊಡ್ಡ ಹಲ್ಲುಚಕ್ರ ಒಳಗೆ, ಚಿಕ್ಕದು ಹೊರಗೆ. 11 ಗೇರಿನ ಹಬ್ಬಿಗೆ 8, 9, 10 ಗೇರಿನ ಕ್ಯಾಸೆಟ್ ಹಾಕುವುದಾದರೆ ಮೊದಲು 1.85 ಮಿ.ಮೀ. ಸ್ಪೇಸರ್ ಹಾಕಿ. ಕೊನೆಯ ಲಾಕ್‌ರಿಂಗನ್ನು 40 ನ್ಯೂಟನ್ ಮೀಟರ್‌ಗೆ ಬಿಗಿಯಬೇಕು, ಅಂದರೆ ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಚೆನ್ನಾಗಿ ಬಲ ಹಾಕಿ. ನಾನು ಮೊದಲ ಸಲ ಸಡಿಲ ಬಿಟ್ಟಿದ್ದೆ, ಗೇರುಗಳು ಎರಡು ವಾರ ಕಟಕಟ ಅಂದವು.

ಸೈಕಲ್ ಕೂರಿಸುವ ಮೊದಲು ಚೈನನ್ನು ಹಿಂದಿನ ಅತಿ ಚಿಕ್ಕ ಗೇರಿಗೆ ತನ್ನಿ. ಗೇರು ಬದಲಿಸುವ ಡಿರೈಲರನ್ನು ಕೈಯಿಂದ ಹಿಂದಕ್ಕೆ ಎಳೆದು, ಟ್ರೇನರಿನ ಚಿಕ್ಕ ಗೇರಿನ ಮೇಲೆ ಚೈನ್ ಇಟ್ಟು, ಫ್ರೇಮನ್ನು ನೇರವಾಗಿ ಕೆಳಗಿಳಿಸಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ಮೇಲೆ ಹಿಂದಿನ ಬ್ರೇಕ್ ಹಿಡಿಯಲೇಬಾರದು. ಪ್ಯಾಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಡುವೆ ಪ್ಲಾಸ್ಟಿಕ್ ತುಂಡೊಂದನ್ನು ಸಿಕ್ಕಿಸಿಡಿ.

ಸ್ಮಾರ್ಟ್ ಟ್ರೇನರ್ ಆಗಿದ್ದರೆ ಹತ್ತು ನಿಮಿಷ ತುಳಿದು ಬಿಸಿಯಾದ ಮೇಲೆ, ವ್ಯಾಟ್ ಲೆಕ್ಕ ಸರಿಪಡಿಸುವ ಸ್ಪಿನ್‌ಡೌನ್ ಮಾಡಿ. ಆ್ಯಪ್ ಹೇಳಿದ ವೇಗ ಮುಟ್ಟಿಸಿ, ತುಳಿಯುವುದು ನಿಲ್ಲಿಸಿ, ಅದು ತಾನಾಗಿ ನಿಲ್ಲುವವರೆಗೆ ಕಾಯುವುದು, ಅಷ್ಟೇ. ವೀಲ್-ಆನ್‌ಗೆ ಇದು ಪ್ರತಿ ಮುಖ್ಯ ವರ್ಕೌಟಿಗೂ ಬೇಕು. ತಾವಾಗಿಯೇ ಸರಿಪಡಿಸಿಕೊಳ್ಳುವ ಡೈರೆಕ್ಟ್ ಡ್ರೈವ್‌ಗಳೂ ಇವೆ, ಅವುಗಳಿಗೆ ಬೇಡ. ವ್ಯಾಟನ್ನು ಟ್ರೇನರೇ ಹಿಡಿದಿಡುವ ಎರ್ಗ್ ಮೋಡ್‌ನಲ್ಲಿ ಮುಂದೆ ಚಿಕ್ಕ ಹಲ್ಲುಚಕ್ರ, ಹಿಂದೆ ನಡುವಿನ ಗೇರು ಇಟ್ಟುಕೊಳ್ಳಿ. ಫ್ಲೈವೀಲ್ ನಿಧಾನ ತಿರುಗಿ ಸದ್ದು ಇನ್ನೂ ಇಳಿಯುತ್ತದೆ.

ಹಂತ 7: ಕರೆಂಟು, ಗಾಳಿ, ಬೆವರು

ಸಾದಾ ವೀಲ್-ಆನ್‌ಗೆ ಕರೆಂಟು ಬೇಡ. ಸ್ಮಾರ್ಟ್ ಟ್ರೇನರುಗಳಲ್ಲಿ ಹೆಚ್ಚಿನವು ಪ್ಲಗ್ ಇಲ್ಲದೆ ಕೆಲಸ ಮಾಡವು. ಇಂಟರ್ವಲ್ ನಡುವೆ ಕರೆಂಟ್ ಹೋದರೆ ಭಾರ ಒಮ್ಮೆಲೇ ಮಾಯವಾಗಿ ಕಾಲು ಗಿರ್ರನೆ ತಿರುಗುತ್ತದೆ. ಯುಪಿಎಸ್ ಲೈನಿನ ಪ್ಲಗ್ಗಿಗೆ ಹಾಕಿ. ಟ್ಯಾಕ್ಸ್ ನಿಯೋ ಅನ್ನುವ ಡೈರೆಕ್ಟ್ ಡ್ರೈವ್ ನೀವು ತುಳಿಯುವ ಶಕ್ತಿಯಿಂದಲೇ ನಡೆಯಬಲ್ಲದು, ಕರೆಂಟ್ ಜಾಸ್ತಿ ಹೋಗುವ ಊರಿನವರು ಅದನ್ನು ನೆನಪಿಟ್ಟುಕೊಳ್ಳಿ.

200 ವ್ಯಾಟ್ ತುಳಿಯುವಾಗ ನಿಮ್ಮ ಮೈ ಸುಮಾರು 600ರಿಂದ 800 ವ್ಯಾಟ್ ಶಾಖ ಹೊರಹಾಕುತ್ತದೆ. ಹೊರಗಾದರೆ ಎದುರುಗಾಳಿ ಅದನ್ನು ಒಯ್ಯುತ್ತದೆ. ಒಳಗೆ ಸೀಲಿಂಗ್ ಫ್ಯಾನ್ ಸಾಲುವುದಿಲ್ಲ. ಎದೆಯ ಎತ್ತರಕ್ಕೆ ಬೀಸುವ ಪೆಡೆಸ್ಟಲ್ ಫ್ಯಾನ್ ಇಡಿ. ಮಂಗಳೂರು, ಕಾರವಾರದ ಕಡೆಯ ಸೆಕೆಯಲ್ಲಿ ಎರಡು ಬೇಕಾದೀತು.

ಬೆವರು ಉಪ್ಪು ನೀರು. ಒಂದು ವರ್ಷ ನಾನು ಹ್ಯಾಂಡಲ್ ಮೇಲೆ ಟವಲ್ ಹಾಕದೆ ತುಳಿದೆ. ಸರ್ವಿಸಿಗೆ ಕೊಟ್ಟಾಗ ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ಮಿನ ಬೋಲ್ಟುಗಳು ಕಿತ್ತಳೆ ಬಣ್ಣಕ್ಕೆ ತಿರುಗಿ ಕಚ್ಚಿಕೊಂಡಿದ್ದವು, ಒಂದರ ತಲೆ ಕಿತ್ತೇ ಬಂತು. ಈಗ ಹ್ಯಾಂಡಲ್‌ನಿಂದ ಸೀಟಿನವರೆಗೆ ಉದ್ದದ ಟವಲ್ ಹಾಸುತ್ತೇನೆ. ಇಳಿದ ಕೂಡಲೇ ಒದ್ದೆ ಬಟ್ಟೆಯಿಂದ ಸ್ಟೆಮ್, ಹೆಡ್‌ಸೆಟ್, ಬಾಟಲ್ ಕೇಜಿನ ಬೋಲ್ಟುಗಳನ್ನು ಒರೆಸುತ್ತೇನೆ. ತಿಂಗಳಿಗೊಮ್ಮೆ ಬಾರ್ ಟೇಪಿನ ತುದಿ ಬಿಚ್ಚಿ ಒಳಗೆ ಬಿಳಿ ಪುಡಿ ಕಟ್ಟಿದೆಯಾ ನೋಡುತ್ತೇನೆ. ವೀಲ್-ಆನ್ ಇರುವವರು ಅದೇ ಹೊತ್ತಿಗೆ ಇನ್ನೊಂದು ಬಟ್ಟೆಯಿಂದ ರೋಲರ್ ಒರೆಸಿ, ಟೈರಿನ ಒತ್ತಡ ಸಡಿಲಿಸಿಬಿಡಿ. ಒತ್ತಿದ ಹಾಗೇ ರಾತ್ರಿಯೆಲ್ಲ ಬಿಟ್ಟರೆ ಟೈರು ಒಂದೇ ಕಡೆ ಚಪ್ಪಟೆಯಾಗಿ ಮಾರನೇ ದಿನ ಧಡ್ ಧಡ್ ಅನ್ನುತ್ತದೆ.